ನಾಯಿ ಸಮೇತ

ಮೊದಲು ಸೀಟು ಕಿತ್ತೆವು.
ಹನ್ನೆರಡು ಸೀಟಿನ ಶಾಲೆ ವ್ಯಾನು,
ಮೈಮೇಲಿನ ಹಳದಿ ಇನ್ನೂ ಹಾಗೇ ಇದೆ.
ಕಿಟಕಿಯ ಕೆಳಗೆ ಕೈವಾರದ ಮೊನೆಯಲ್ಲಿ ಕೆತ್ತಿದ್ದು:
ಚೈತ್ರಾ, ನಾಲ್ಕನೇ ಬಿ.
ಅದೊಂದನ್ನು ಉಜ್ಜಬೇಡ ಅಂದೆ ವನ್ನೂರನಿಗೆ.

ಪರದೆಗೆ ಬಟ್ಟೆ ಕೊಳ್ಳಲಿಲ್ಲ.
ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ
ಕಟಿಂಗ್ ಮೇಜಿನ ಅಡಿಗೆ ಬೀಳುವ ಚೂರು,
ಹನ್ನೊಂದು ವರ್ಷ ಕಾಲಲ್ಲಿ ಸರಿಸಿದ್ದನ್ನು
ಈಗ ಬಗ್ಗಿ ಹೆಕ್ಕಿದೆ.
ಪರದೆಯ ಮೇಲೆ ಆರು ಜೇಬು ಹೊಲಿದೆ.
ಒಂದರಲ್ಲಿ ಟಾರ್ಚು, ಒಂದರಲ್ಲಿ ಬೆಂಕಿಪೊಟ್ಟಣ,
ಒಂದರಲ್ಲಿ ನಾಯಿಗೆ ಚುಚ್ಚಿಸಿದ ಲಸಿಕೆಯ ಚೀಟಿ,
ದನದ ಆಸ್ಪತ್ರೆಯ ನೇರಳೆ ಸೀಲು ಸಮೇತ.
ಉಳಿದ ಮೂರರಲ್ಲಿ ಏನಿಡುವುದೋ ಹೊಳೆದಿಲ್ಲ.

ನಾಯಿಯ ಹೆಸರು ಮಂಡಾಳ.
ಅದಿರು ತುಂಬುವ ರೈಲು ಸೈಡಿಂಗಿನಲ್ಲಿ ಸಿಕ್ಕಾಗ
ಮೂಗಿನಿಂದ ಬಾಲದ ತನಕ ಕೆಂಪು.
ಮೂರು ಸಲ ತೊಳೆದು, ನಾಲ್ಕನೇ ಬಕೆಟ್ಟಿನ ನೀರು
ಚಹಾದ ಬಣ್ಣಕ್ಕೆ ಇಳಿದ ಮೇಲೆ
"ಏ, ಬಿಳೇದು ಇದು!" ಅಂದ ವನ್ನೂರ,
ಯಾರೋ ಹಳೇ ಬಾಕಿ ತಂದು ಕೈಗಿಟ್ಟ ಹಾಗೆ.

ರಾತ್ರಿ ಊಟ ಮುಗಿಸಿ ನಕಾಶೆ ಹಾಸುತ್ತೇವೆ.
ಹೊಸಪೇಟೆ, ಗದಗ, ಹುಬ್ಬಳ್ಳಿ,
ಅರಬೈಲ್ ಘಾಟು ಇಳಿದರೆ ಅಂಕೋಲೆ,
ಅಲ್ಲಿಂದ ದಂಡೆಗುಂಟ ಕೆಳಗೆ.
ನೀಲಿಯಲ್ಲಿ ಎಳ್ಳು ಚೆಲ್ಲಿದಂತೆ ನಡುಗಡ್ಡೆಗಳು,
ಬೆರಳಿಟ್ಟರೆ ಮುಚ್ಚಿಹೋಗುತ್ತವೆ.
ವನ್ನೂರ ಟಿಪ್ಪರ್ ಓಡಿಸುತ್ತಿದ್ದ ಕಾಲಕ್ಕೆ
ಬಂದರಿಗೆ ಅದಿರು ಹೊತ್ತು ನೂರು ಸಲ ಹೋಗಿ ಬಂದವನು.
ಸಮುದ್ರ ಹೆಂಗೈತೆ ಹೇಳು ಅಂದರೆ
"ಎಡಗಡೆ ಇರ್ತೈತೆ" ಅನ್ನುತ್ತಾನೆ.
ಕ್ಯೂ ಬಿಟ್ಟು ಇಳಿದರೆ ನಂಬರು ಹೋಗುತ್ತಿತ್ತಂತೆ.

ದೋಣಿಯವರಿಗೆಲ್ಲ ಫೋನು ಮಾಡಿದೆ.
ಎಷ್ಟು ಜನ? ಇಬ್ಬರು, ಒಂದು ನಾಯಿ.
ಕಟ್.
ಇನ್ನೊಬ್ಬ, ಅದು ದೇವರ ಜಾಗ, ನಾಯಿ ಹತ್ತಿಸೂದಿಲ್ಲ ಅಂದ.
ಮತ್ತೊಬ್ಬ, ಹತ್ತಿಸ್ತೇನೆ, ಮೂರು ಜನರ ಬಾಡಿಗೆ ಅಂದ,
ಮರುದಿನ ಫೋನು ಎತ್ತಲಿಲ್ಲ.
ನೋಟುಬುಕ್ಕಿನಲ್ಲಿ ಒಂದೊಂದೇ ಗಡ್ಡೆಯ ಮುಂದೆ ಕಾಟು.
ಕೊನೆಗೆ ಹೊನ್ನಾವರದ ಕಡೆಯ ದುರ್ಗೇಶ ಹರಿಕಂತ್ರ,
ಬಲೆ ಬಿಡಿಸುತ್ತಲೇ ಮಾತಾಡಿದವನು, ಕೇಳಿದ್ದು ಒಂದೇ:
"ಅದಕ್ಕೆ ಈಜು ಬತ್ತದ್ಯಾ?"

ಗೊತ್ತಿರಲಿಲ್ಲ.
ವಾರಕ್ಕೊಮ್ಮೆ ನಲ್ಲಿ ಬರುವ ನಮ್ಮ ಓಣಿಯಲ್ಲಿ
ನಾಯಿಗೆ ಆ ಪ್ರಶ್ನೆ ಯಾರೂ ಕೇಳಿಲ್ಲ.
ನಮಗೂ ಕೇಳಿಲ್ಲ.

ಹಾಗಾಗಿ ಭಾನುವಾರ ಕಂಪ್ಲಿ.
ಕೋಟೆಯ ಹಿಂದೆ ಹೊಳೆದಂಡೆಗೆ ವ್ಯಾನು ನಿಲ್ಲಿಸಿ,
ಸ್ಟವ್ ಹಚ್ಚಿ, ಗಾಳಿಗೆ ಅದು ಆರಿ,
ಮತ್ತೆ ಹಚ್ಚಿ, ಮತ್ತೆ ಆರಿ
(ಮರೆಗೆ ತಗಡು ಬೇಕು, ಬರೆದುಕೊಂಡೆ)
ಹುಲುಗಪ್ಪನ ಹರಗೋಲು ಕೇಳಿದೆವು.
ನಾಯಿಗೆಷ್ಟು?
"ಕುರಿಗೆಷ್ಟೋ ಅಷ್ಟು."

ಹರಗೋಲು ತನ್ನ ಪಾಡಿಗೆ ತಾನು ಒಂದು ಸುತ್ತು ತಿರುಗಿತು.
ವ್ಯಾನಿನ ಕಡೆ ಮುಖ ಉಳಿಸಿಕೊಳ್ಳಲು
ಮಂಡಾಳ ಅದರೊಳಗೆ ಎದುರುಸುತ್ತು ತಿರುಗಿತು.
ಎರಡನೇ ಸುತ್ತಿಗೆ ಸಾಕಾಯಿತೇನೋ,
ಜಿಗಿದೇ ಬಿಟ್ಟಿತು.
"ಅಯ್ಯೋ" ಅಂತ ವನ್ನೂರನೂ ಜಿಗಿದ,
ಚಪ್ಪಲಿ, ಬೀಡಿಕಟ್ಟು, ಜೇಬಿನ ಫೋನು ಎಲ್ಲ ಸಮೇತ,
ಈಜು ಬಾರದವನು.
ನೀರು ಎದೆಮಟ್ಟ.

ಆ ಹೊತ್ತಿಗೆ ನಾಯಿ ಬಂಡೆ ಹತ್ತಿ ಮೈ ಕೊಡವುತ್ತಿತ್ತು.
ಕಲಿಸಿದ್ದು ಯಾರೋ, ಎಂದೋ.
ಹುಲುಗಪ್ಪ ಹುಟ್ಟು ಚಾಚಿದ, ಹಿಡಕೋ ಅಂದ.
ವನ್ನೂರ ಹಿಡಿಯಲಿಲ್ಲ.
ಎರಡೂ ಕೈ ನೀರಿನ ಮೇಲೆ ಹಗೂರ ಚಾಚಿ
ಅಲ್ಲೇ ನಿಂತ, ಬಹಳ ಹೊತ್ತು,
ಹಿಂದಿನ ಲಾರಿಯ ಹಾರ್ನಿಗೆ ಕಿವಿಗೊಡದವನಂತೆ.
ಆಮೇಲೆ ನನ್ನ ಕಡೆ ತಿರುಗಿ
"ಅದು ಇದಕ್ಕಿಂತ ಉಪ್ಪು ಇರ್ತೈತಲ್ಲ?" ಅಂದ,
ನಾನೇ ಹೋಗಿ ಬಂದವಳೇನೋ ಎಂಬಂತೆ.

ರಾತ್ರಿ ನನ್ನ ಫೋನಿನಿಂದ ಹೇಳಿದೆ: ಬರ್ತೈತೆ ಈಜು.
"ಹಾಂಗಾರೆ ಹುಣ್ಣಿಮೆ ಬಿಟ್ಟು ಬನ್ನಿ," ಅಂದ ದುರ್ಗೇಶ,
"ಆಗ ನೀರಿನ ಎಳೆತ ಜೋರು."

ಬರೆದುಕೊಂಡೆ.
ನಾಲ್ಕನೇ ಜೇಬಿಗೆ ಒಂದು ಟವೆಲು ಮಡಚಿಟ್ಟೆ.
ನಾಯಿಯದಲ್ಲ, ಅವನದು.