ಹಿಂದಿನ ಪುಟದ ಹಿಸಾಬು

ಭಾಗ್ಯವಂತಿಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ
ಮೊದಲ ಸಾಲು ನನ್ನ ಅಕ್ಷರ:
ಸೋಮವಾರ, ಪಾರ್ಸಲ್, ಮುನ್ನೂರಾ ಇಪ್ಪತ್ತು.
ಮಂಗಳವಾರ, ಪಾರ್ಸಲ್, ಮುನ್ನೂರಾ ಅರವತ್ತು,
ಮಾಳು ಮೊಟ್ಟೆ ಬೇಡಿದ್ದ.
ಆರನೆಯ ಸಾಲಿಗೆ ಪೆನ್ನು ನಿಂತಿತು.
ಬರೆಯದಿದ್ದಾಗ ಅದು ಬರೀ ಹಸಿವು,
ಬರೆದ ಮೇಲೆ ನನ್ನ ಪಗಾರದ ಅರ್ಧ.

ನಗು ಬರುವ ಮಾತು ಇನ್ನೊಂದಿದೆ.
ನಾನು ಗಂಜಿನ ದಾಲ್ ಮಿಲ್ಲಿನಲ್ಲಿ ಜರಡಿಯ ಮುಂದೆ ನಿಲ್ಲುವವ.
ಊರೂರಿನ ಕುಕ್ಕರು ತುಂಬುವಷ್ಟು ತೊಗರಿ
ದಿನಾ ಕಣ್ಣ ಮುಂದೆ ಹಾದು ಹೋಗುತ್ತದೆ.
ಕಿಸೆಯಲ್ಲಿ, ಕಿವಿಯಲ್ಲಿ, ಹುಬ್ಬಿನಲ್ಲಿ ಬೇಳೆಯ ಧೂಳು.
ಸಂಜೆ ಅದೇ ಹುಬ್ಬು ಹೊತ್ತು
ಆಳಂದ ನಾಕಾದ ಖಾನಾವಳಿಯ ಮುಂದೆ ನಿಂತು
ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿದ ಬೇಳೆ ಕೊಳ್ಳುತ್ತಿದ್ದೆ.

ನೀಲಗಂಗಾಳಿಗೆ ದವಾಖಾನೆಯಲ್ಲಿ ಎರಡನೆಯ ಪಾಳಿ.
"ಇನ್ನು ಮನ್ಯಾಗೇ ಅಡಿಗಿ ಮಾಡೋಣು," ಅಂದೆ.
"ಮಾಡೋಣಂದ್ರ ಯಾರು?" ಅಂದಳು,
ಸಿಟ್ಟಿಲ್ಲ, ಕಾಲುಚೀಲ ಬಿಚ್ಚುತ್ತಾ.
ಆ ಒಂದು ಮಾತಿನೊಳಗೆ ಎಷ್ಟು ಮಂದಿ ಇದ್ದಾರೆಂದು
ಆವತ್ತು ಎಣಿಸಿದೆ. ಒಬ್ಬನೇ ಇದ್ದೆ.

ಮೊದಲ ದಿನದ ರೊಟ್ಟಿ ಹೆಂಚಿಗೆ ಹೋಗುವ ಮೊದಲೇ ಮೂರು ತುಂಡು.
ಎರಡನೆಯ ದಿನ ನಾಲ್ಕು.
ಮೂರನೆಯ ದಿನ ಅನ್ನ ಇಟ್ಟೆ, ಯಾರೂ ಏನೂ ಅನ್ನಲಿಲ್ಲ,
ಅನ್ನದಿದ್ದದ್ದೇ ಮನಸ್ಸಿಗೆ ಹತ್ತಿತು.
ಮಿಲ್ಲಿನ ನುಚ್ಚುಬೇಳೆ ಅರ್ಧ ದರಕ್ಕೆ,
ಪುಂಡಿಪಲ್ಲೆ ಹತ್ತಕ್ಕೆ ಎರಡು ಕಟ್ಟು, ಏಳು ಗಂಟೆ ದಾಟಿದರೆ ಮೂರು,
ಶೇಂಗಾ ಹಿಂಡಿ ಒಮ್ಮೆ ಕುಟ್ಟಿಟ್ಟರೆ ಹದಿನೈದು ದಿನ.
ಹಿಸಾಬು ಬರೋಬರಿ ಬರುತ್ತಿತ್ತು,
ರೊಟ್ಟಿ ಬರುತ್ತಿರಲಿಲ್ಲ.

ಹನ್ನೊಂದನೆಯ ದಿನ ಮತ್ತೆ ಅಲ್ಲಿಗೇ ಹೋದೆ,
ಮಹಾನಂದಾಬಾಯಿಯ ಖಾನಾವಳಿಗೆ, ಹಿಂಬಾಗಿಲಿನಿಂದ.
ಬಡಿಯುವ ಸಪ್ಪಳ ನಿಲ್ಲಿಸದೆ ಕೇಳಿದಳು:
"ಊರಿಗಿ ಹೋಗಿದ್ರೇನ್ರಿ? ದಿನಾ ನಾಕು ಊಟ ಉಳೀಲತ್ತಾವ."
ಸುಳ್ಳೊಂದು ತುಟಿಯ ತನಕ ಬಂದಿತ್ತು.
"ಮನ್ಯಾಗೇ ಮಾಡ್ಲತ್ತೀನ್ರಿ," ಅಂದೆ. "ರೊಟ್ಟಿ ಹರೀತದ."

ಆಕೆಯ ಕೈ ನಿಂತಿತು, ಒಂದು ಉಸಿರಿನಷ್ಟು.
ನನ್ನ ಪುಟದ ಉಳಿತಾಯ
ಆಕೆಯ ಪುಟದಲ್ಲಿ ಯಾವ ಕಡೆ ಬಿದ್ದಿದೆಯೆಂದು
ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ.
ಆಮೇಲೆ ಮಣೆ ಸರಿಸಿದಳು, ಕೂಡ್ರಿ ಅಂದಳು.
"ತಣ್ಣೀರಾಗ ನಾದೀರಿ. ಎಸರು ಕುದೀಬೇಕು, ಕೈ ಸುಡಬೇಕು,
ಸುಟ್ಟಾಗ ಬಿಡಬಾರದು.
ನಡುವ ಬಡೀಬ್ಯಾಡ್ರಿ, ಅಂಚು ನೋಡ್ರಿ,
ನಡುವಿಂದು ತಾನೇ ಬರ್ತದ."
ಇಷ್ಟು ದಿನ ಬೇಳೆಯ ಗಂಟಿಗೆ ಕೊಟ್ಟ ರೊಕ್ಕದಲ್ಲಿ
ಈ ಮಾತೂ ಸೇರಿತ್ತೋ ಏನೋ. ಚೀಟಿಯಲ್ಲಿ ಬರೆದಿರಲಿಲ್ಲ.

ತಿಂಗಳು ತುಂಬಿದ ರಾತ್ರಿ ಭಾಗ್ಯವಂತಿ ಕೂಡಿಸಿದಳು.
ಗ್ಯಾಸು, ಎಣ್ಣೆ, ಜೋಳ, ಉಪ್ಪು ಕಳೆದು
ಉಳಿದದ್ದು ಐದು ಸಾವಿರದ ಎಂಟುನೂರಾ ನಲವತ್ತು.
ಪಕ್ಕದಲ್ಲಿ ತಾನೇ ಒಂದು ಖಾನೆ ಎಳೆದಿದ್ದಳು, ಕೆಂಪು ಶಾಯಿ:
ಅಪ್ಪನ ಬೆರಳು ಸುಟ್ಟದ್ದು, ಏಳು.
ಅಪ್ಪ ಬೈದದ್ದು, ಹನ್ನೆರಡು.
ಅವ್ವ ರಾತ್ರಿ ಬಂದು ಬಿಸಿದು ತಿಂದದ್ದು, ಹತ್ತೊಂಬತ್ತು.
"ಯಾವುದರಾಗ ಯಾವುದು ಕಳೀಲಿ?" ಅಂತ ಕೇಳಿದಳು.
ನೀಲಗಂಗಾ ತಾಟು ತೊಳೆಯುತ್ತಿದ್ದವಳು
ನಳ ಸಣ್ಣ ಮಾಡಿದಳು, ನನ್ನ ಉತ್ತರಕ್ಕೆ.
ನಾನು ಹಿಂಡಿಯ ಡಬ್ಬಿ ಮುಚ್ಚಿದೆ.

ರವಿವಾರ ಎರಡು ರೊಟ್ಟಿ ವಸ್ತ್ರದಲ್ಲಿ ಸುತ್ತಿ ಒಯ್ದೆ.
ಮಹಾನಂದಾಬಾಯಿ ಬೆಳಕಿಗೆ ಹಿಡಿದಳು,
ಗಡಿಗೆ ಕೊಳ್ಳುವವರಂತೆ ಉಗುರಿನಿಂದ ಬಡಿದು ಕೇಳಿದಳು.
"ನಂದು ಹತ್ತಕ್ಕ ಹೋಗ್ತದ. ಇದು ಆರಕ್ಕ ಹೋದೀತು."
ಬೇಡವೆಂದರೂ ಗಲ್ಲೆಯಿಂದ ಹನ್ನೆರಡು ರೂಪಾಯಿ ಎಣಿಸಿ ಕೈಗಿಟ್ಟು
ಮೂಲೆಯಲ್ಲಿ ಕೂತ ಲಾರಿಯವನ ತಾಟಿಗೆ
ಎರಡನ್ನೂ ಹಾಕಿಬಿಟ್ಟಳು.
ಆತ ತಲೆ ಎತ್ತದೆ ತಿಂದ. ಪಲ್ಲೆ ಮತ್ತೊಮ್ಮೆ ಕೇಳಿದ.
ನಾನು ಬಾಗಿಲಲ್ಲೇ ನಿಂತಿದ್ದೆ.

ಆ ಹನ್ನೆರಡು ರೂಪಾಯಿ ಇನ್ನೂ ಪುಟಕ್ಕೆ ಏರಿಲ್ಲ.
ಕಿಸೆಯಲ್ಲೇ ಇದೆ, ಬೇಳೆಯ ಧೂಳಿನ ಜೊತೆ.