ತಿರುವಿನಲ್ಲಿ ಮಾತ್ರ

ನೇರ ಹೋದರೆ ಏನೂ ಇಲ್ಲ.
ಹೊಸೂರು ರಸ್ತೆಯ ಮೇಲ್ಸೇತುವೆ ಪೂರ್ತಿ
ಬೆಣ್ಣೆಯ ಹಾಗೆ ಬಂತು.
ಕೆಳಗಿಳಿದು ಯೂ ಟರ್ನಿಗೆ
ಸ್ಟಿಯರಿಂಗು ಪೂರಾ ಬಲಕ್ಕೆ ತಿರುಗಿಸಿದೆನೋ,
ಕಟ ಕಟ ಕಟ,
ಯಾರೋ ಎಡಚಕ್ರದ ಒಳಗೆ ಕೂತು
ಹುರಿಗಡಲೆ ಜಗಿಯುವ ಹಾಗೆ.

ಈ ಹಳೇ ಸಿಆರ್‌ವಿಯ ಹಿಂದಿನ ಸೀಟು ಮಡಚಿ
ಹನ್ನೊಂದು ವರ್ಷ.
ಅಲ್ಲೀಗ ಬೇವಿನ ಹಿಂಡಿ, ಕೋಕೋಪೀಟು,
ಯಾರದೋ ಬಾಲ್ಕನಿಗಳಿಗೆ ಹೊರಟ
ನಲವತ್ತು ದಾಸವಾಳ.
ಕಟಕಟ ಎಂದಾಗಲೆಲ್ಲ ನಲವತ್ತೂ
ಹೌದು ಹೌದು ಎಂದು ತಲೆಯಾಡಿಸಿದವು.

ಸಿದ್ದಾಪುರದಲ್ಲಿ ನನ್ನ ನರ್ಸರಿಗೆ
ನಾಲ್ಕು ಬಾಗಿಲಾಚೆ ಇಲಿಯಾಸನ ಷೆಡ್ಡು.
ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಬೆರಳು ತೂರಿಸಿ ತೆಗೆದ:
ಉಗುರಿನ ತುಂಬ ಕಪ್ಪು ಗ್ರೀಸು.
“ಬೂಟು ಹರಿದೈತೆ ಮೇಡಂ. ಯಾವಾಗಿಂದ ಶಬ್ದ?”
ದೀಪಾವಳಿಯಿಂದ ಅಂದೆ.
ಯುಗಾದಿಯಿಂದ ಎಂಬುದು ನಿಜ.

ರಿಮ್ಮಿನ ಒಳಮೈ, ಶಾಕ್ ಅಬ್ಸಾರ್ಬರು, ಬ್ರೇಕಿನ ಪೈಪು,
ಸುತ್ತುತ್ತ ಸುತ್ತುತ್ತ ಎರಚಿಕೊಂಡದ್ದರ ಮೇಲೆ
ಮೆಟ್ರೋ ಕೆಲಸದ ಧೂಳು ಕೂತು
ಹಲಸಿನ ಮೇಣದಷ್ಟು ಗಟ್ಟಿ.
ಕೆರೆಯಲು ಹುಡುಗ ತನ್ವೀರನಿಗೆ ಅರ್ಧ ಗಂಟೆ ಹಿಡಿಯಿತು,
ನಾನು ಕಸಿ ಕಟ್ಟುವ ಚಾಕು ಹಾಳಾಯಿತು.

ಸವೆದ ಕೀಲು, ಐವತ್ತು ದಾಟಿದ ಮೊಣಕಾಲು:
ಹೋಲಿಕೆ ನಾಲಗೆ ತುದಿಗೆ ಬಂತು.
ಇಲಿಯಾಸನ ಮೊಣಕಾಲು ಕಾಂಕ್ರೀಟಿನ ಮೇಲಿತ್ತು.
ಸುಮ್ಮನಾದೆ.

ಹಬ್ಬಿನ ನಟ್ಟಿಗೆ ಪಾನಾ ಸಾಲದೆ
ನೀರಿನ ಪೈಪು ತೂರಿಸಿ ಇಬ್ಬರೂ ಹತ್ತಿ ನಿಂತರು.
ಪೈಪು ಬಗ್ಗಿತು, ನಟ್ಟು ಜಗ್ಗಲಿಲ್ಲ.
ಮೂರನೆಯವಳಾಗಿ ನಾನೂ ಹತ್ತಿದೆ.
ನನ್ನ ಎಪ್ಪತ್ತೆರಡು ಕೇಜಿ
ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಆಕ್ಸಲ್ ಹೊರಬಂತು, ಬೆನ್ನಿಗೇ ಆಯಿಲ್ಲು,
ಮೊದಲು ಗಬಕ್ಕನೆ, ಆಮೇಲೆ ಎಣಿಸಿಕೊಟ್ಟ ಹಾಗೆ.
ಬೂಟಿನ ಕೊರಳಲ್ಲಿ ಕ್ಲಿಪ್ಪು ಇರಲಿಲ್ಲ.
ಬೈಂಡಿಂಗ್ ವೈರು. ಎರಡು ಸುತ್ತು,
ಇನ್ನೊಬ್ಬರ ಕೈಗೆ ಚುಚ್ಚದಿರಲೆಂದು
ತುದಿಯನ್ನು ಒಳಕ್ಕೆ ಮಡಚಿ ಮಟ್ಟಸ ಮಾಡಿತ್ತು.
ಇಲಿಯಾಸ್ ಬೆಳಕಿಗೆ ಹಿಡಿದ. ಮತ್ತೆ ಹಿಡಿದ.
“ಈ ಗಾಡಿ ಮುಂಚೆ ಬಿಳೀದಿತ್ತಾ?”
ಹೌದು, ಡಾಕ್ಟರೊಬ್ಬರದು.
ನನ್ನ ಕೈಗೆ ಬರುವಷ್ಟರಲ್ಲಿ ಬೂದಿ ಬಣ್ಣ.
“ಹಂಗಾದ್ರೆ ಇದು ನಂದೇ ಕೈ.
ಉಸ್ತಾದ್ ಊರಲ್ಲಿರಲಿಲ್ಲ. ಕ್ಲಿಪ್ಪು ಸಿಗಲಿಲ್ಲ.
ಎರಡು ದಿನ ತಡೀಲಿ ಅಂತ ಕಟ್ಟಿದ್ದು.”

ರಬ್ಬರು ಹರಿದಿತ್ತು. ಗಂಟು ಹಾಗೇ ಇತ್ತು.
ಅವನಿಗೇನು ಹೆಮ್ಮೆಯಾಗಲಿಲ್ಲ.
“ಉಸ್ತಾದ್ ನೋಡಿದ್ರೆ ಒದೀತಿದ್ರು” ಎಂದು
ಕತ್ತರಿಸಿ ಎಸೆದ.

ಕೀಲನ್ನು ಡೀಸೆಲಿನಲ್ಲಿ ಜಾಲಾಡಿ ಅಂಗೈಗೆ ಸುರಿದ:
ಆರು ಗುಂಡು, ಆರಕ್ಕೂ ಸಿಡುಬಿನ ಕಲೆ.
“ಮಣ್ಣು ತಿಂದೈತೆ. ಬರೀ ಬೂಟು ಹಾಕಿದ್ರೆ
ಕಾಸು ದಂಡ, ಶಬ್ದ ಹೋಗಲ್ಲ.”
ಮಣ್ಣನ್ನು ಚೀಲದ ಲೆಕ್ಕದಲ್ಲಿ ಮಾರಿ
ಈ ಗಾಡಿ ಸಾಕಿದವಳು ನಾನು.
ಮಣ್ಣಿನ ಮೇಲೆ ಏನು ಚಾಡಿ ಹೇಳಲಿ?

ತನ್ವೀರನ ಸ್ಕೂಟರಿನ ಹಿಂದೆ ಜೆ.ಸಿ. ರೋಡಿಗೆ.
ಪುಖರಾಜ್ ಸೇಠ್ ಒರಿಜಿನಲ್ಲಿನ ರೇಟು ಹೇಳಿದ.
ನೀರು ಕುಡಿದೆ.
ತೈವಾನಿನದು ತೋರಿಸಿದ, ನಾಲ್ಕು ಸಾವಿರದ ಎಂಟುನೂರು.
ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು
ಮಿನರ್ವ ಸರ್ಕಲ್ಲಿನ ಗುಂಡಿಗಳಲ್ಲಿ ಬಂದೆ.

ಬಲಗಡೆ ಸೋರುತ್ತಿದ್ದುದು ಆಕ್ಸಲ್ಲೇ ಅಲ್ಲವಂತೆ.
ಗೇರ್‌ಬಾಕ್ಸಿನ ಬಾಯಿಯ ಸೀಲು.
ಬಳೆಯಷ್ಟು ಅಗಲ, ಇನ್ನೂರ ಎಂಬತ್ತು ರೂಪಾಯಿ.
ಅದಕ್ಕಾಗಿ ವರ್ಷವಿಡೀ ಷೆಡ್ಡಿನ ನೆಲಕ್ಕೆ
ರಟ್ಟು ಹಾಸಿದ್ದೆ.

ಸಂಜೆ ಲಾಲ್‌ಬಾಗಿನ ಗೇಟಿನೆದುರು
ಪೂರಾ ಬಲಕ್ಕೆ ತಿರುಗಿಸಿದೆ.
ಹುರಿಗಡಲೆ ಮುಗಿದಿತ್ತು.

ಲೇಬರಿನಲ್ಲಿ ನೂರು ರೂಪಾಯಿಯನ್ನೂ ಬಿಡಲಿಲ್ಲ ಆಸಾಮಿ.
ಗ್ಯಾರಂಟಿ ಎಷ್ಟು ದಿನ, ಇಲಿಯಾಸ್?
ಸೋಪಿನ ಪುಡಿಯಲ್ಲಿ ಕೈ ಉಜ್ಜುತ್ತ,
ತಲೆ ಎತ್ತದೆ, ಹೇಳಿದ:
“ಎರಡು ದಿನ.”