ನೆಟ್ಟಗೆ

ರಾತ್ರಿ ಒಂಬತ್ತಕ್ಕೆ ಕಂಪನಿ ಬಸ್ಸು
ಬಾಗಲೂರು ರಸ್ತೆಯ ತಿರುವಿನಲ್ಲಿ ಹಾರನ್ ಹೊಡೆದರೆ
ಪ್ರಮೀಳಾ ನಿನ್ನನ್ನು ನನ್ನ ಕೈಗಿಟ್ಟು
ತಿರುಗಿ ನೋಡದೆ ಓಡುತ್ತಾಳೆ.
ನೋಡಿದರೆ ಎದೆ ತೊರೆಯುತ್ತದೆ, ನೀಲಿ ಕೋಟು ಒದ್ದೆಯಾಗುತ್ತದೆ.
ಸಾಸಿವೆಯಷ್ಟು ಸ್ಕ್ರೂ ಕೂರಿಸುವ ಆ ಸಾಲಿನಲ್ಲಿ
ಒದ್ದೆಗೆ ಯಾರೂ ಕಾರಣ ಕೇಳುವುದಿಲ್ಲ.

ಆಮೇಲೆ ನಾನು, ನೀನು,
ಫ್ರಿಜ್ಜಿನಲ್ಲಿ ಅವಳು ಹಿಂಡಿಟ್ಟು ಹೋದ ಮೂರು ಬಾಟಲಿ.

ಬಾಟಲಿ ಕಂಡರೆ ಸಾಕು, ಬೆನ್ನು ಹಿಂದಕ್ಕೆ ಮಣಿಸಿ
ಬಿಲ್ಲಾಗಿಬಿಡುತ್ತೀಯ.
ಧನ್ವಿ ಅಂತ ಹೆಸರಿಟ್ಟಿದ್ದೇ ತಪ್ಪಾಯಿತೇನೋ.

ಮೊದಲ ವಾರ ನಾನು ಸೋಲಲಿಲ್ಲ.
ನಿಪ್ಪಲ್ಲು ಬದಲಿಸಿದೆ, ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿದೆ,
ಕುಣಿದೆ, ಬೀದಿಯ ನಾಯಿ ತೋರಿಸಿದೆ.
ಕೊನೆಗೊಂದು ರಾತ್ರಿ ಕೆನ್ನೆ ಅದುಮಿ ಹಿಡಿದೆ.
ಕುಡಿದೆ ನೀನು.
ಕುಡಿದಷ್ಟನ್ನೂ ಮೂಗಲ್ಲಿ ಬಾಯಲ್ಲಿ ವಾಪಸು ಕೊಟ್ಟೆ.
ಅಳಲಿಲ್ಲ. ನನ್ನನ್ನೇ ನೋಡಿದೆ,
ಅಂಗಡಿಯಲ್ಲಿ ಮೋಸ ಹೋದವರು ನೋಡುವ ಹಾಗೆ.

ಎದುರು ಮನೆ ಸಾಕಮ್ಮಜ್ಜಿ
ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
'ಘಾಟೇ ಬರಲಿಲ್ಲ ನೋಡು, ಎಂಥಾ ದೃಷ್ಟಿ!'
ನನಗೆ ಮಾತ್ರ ಕೆಮ್ಮು ಬಂತು.
ಹೇಳಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು,
ನಾನು ಕನ್ನಡದಲ್ಲಿ ಹೇಳಿದೆ, ನಡುವೆ ತೆಲುಗಿನ ನರ್ಸು.
ಹೊಸೂರಿನಲ್ಲಿ ಕಾಯಿಲೆಗೂ ಮೂರು ಗಡಿ.
ಎಲ್ಲ ದಾಟಿ ನನ್ನ ತನಕ ಬಂದದ್ದು ಇಷ್ಟು:
ತೂಕಕ್ಕೆ ಮೋಸವಿಲ್ಲ. ಹೊಟ್ಟೆಯ ಬಾಗಿಲು ಇನ್ನೂ ಸಡಿಲ.
ಹುಳಿ ಮೇಲೇರಿ ಗಂಟಲು ಸುಡುತ್ತದೆ,
ಸುಟ್ಟದ್ದು ಬಾಟಲಿ ಅಂತ ಮಗುವಿನ ಲೆಕ್ಕ.
ಬಲವಂತ ಬೇಡ. ಸ್ವಲ್ಪ ಸ್ವಲ್ಪ ಕೊಡಿ.
ಕುಡಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿಕೊಳ್ಳಿ.

ನೆಟ್ಟಗೆ.
ಆ ಕೆಲಸ ನನಗೆ ಗೊತ್ತಲ್ಲ!
ಹಗಲೆಲ್ಲ ಕೋಲ್ಡ್ ಸ್ಟೋರೇಜಿನಲ್ಲಿ ಅದನ್ನೇ ಮಾಡುವವನು.
ತಳಿಯ ಕಡೆಯಿಂದ ಗುಲಾಬಿ ಬಂದಾಗ
ಕಡ್ಡಿ ಓರೆಗೆ ಕತ್ತರಿಸಿ ಬಕೆಟ್ಟಿನಲ್ಲಿ ನಿಲ್ಲಿಸಬೇಕು,
ಅಡ್ಡ ಹಾಕಿದರೆ ಕತ್ತು ಬಿದ್ದುಹೋಗುತ್ತದೆ.
ಅಲ್ಲಿ ನೀರು ಏರಬೇಕು, ಇಲ್ಲಿ ಹಾಲು ಏರಬಾರದು.
ಕಾಯುವುದು ಎರಡೂ ಕಡೆ ಒಂದೇ.

ಸಾಕಮ್ಮಜ್ಜಿ ಬೆಳ್ಳಿ ಒಳಲೆ ತಂದುಕೊಟ್ಟಳು,
ಆರು ಮಕ್ಕಳು ಕುಡಿದು ಮೂತಿ ಸವೆದದ್ದು.
ಕುದಿಸಿದೆ. ತುಟಿಗೆ ತಾಗಿಸಿ ಸುಮ್ಮನಾದೆ.
ನಿನ್ನ ನಾಲಿಗೆ ತಾನಾಗಿ ಬಂದರೆ ಒಂದು ಹನಿ,
ಮುಖ ತಿರುಗಿಸಿದರೆ ನಮಸ್ಕಾರ, ನಾಳೆ ನೋಡೋಣ.
ಬಾಟಲಿಯನ್ನು ಖಾಲಿ ಮಾಡಿ ಚಾಪೆಯ ಮೇಲೆ ಬಿಟ್ಟೆ.
ನೀನು ಅದನ್ನು ಒದ್ದೆ. ಮತ್ತೊಂದು ದಿನ ನೆಕ್ಕಿದೆ.
ಹನ್ನೊಂದು ದಿನ ಅದು ಬರೀ ಆಟದ ಸಾಮಾನು.

ನಿನ್ನೆ ಬೆಳಗಿನ ಜಾವ,
ಅರೆನಿದ್ದೆಯಲ್ಲಿ ನೀನು ಬೆರಳು ಚೀಪುತ್ತಿದ್ದೆ.
ಅಮ್ಮನ ಹಳೆ ಸೀರೆ ಹೆಗಲಿಗೆ ಹಾಕಿಕೊಂಡು
ಬೆರಳಿನ ಪಕ್ಕಕ್ಕೆ ಮೆಲ್ಲಗೆ ಬಾಟಲಿ ತಂದೆ.
ಕಣ್ಣು ತೆರೆಯದೆಯೇ ಬೆರಳು ಬಿಟ್ಟೆ.
ಗುಳುಕ್.
ನಾನು ಉಸಿರು ಬಿಟ್ಟರೆ ಎಲ್ಲಿ ನಿಲ್ಲಿಸುತ್ತೀಯೋ ಅಂತ
ಅದನ್ನೂ ಹಿಡಿದುಕೊಂಡಿದ್ದೆ.

ತಮಿಳು ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದೆ:
ಆರು ಗಂಟೆ. ಮೂವತ್ತು ಎಂಎಲ್.
ಆಮೇಲೆ ನನ್ನ ಬನಿಯನ್ನಿನ ಮೇಲೊಂದು ಬಿಸಿ ಕಲೆ ಹರಡಿತು.
ಮೂವತ್ತು ಹೊಡೆದು ಹದಿನೈದು ಅಂತ ತಿದ್ದಿದೆ.
ಯೋಚಿಸಿ ಇಪ್ಪತ್ತು ಮಾಡಿದೆ.

ಪ್ರಮೀಳಾ ಬಂದಳು, ಚಪ್ಪಲಿ ಬಿಡದೆ ಚೀಟಿ ಓದಿದಳು.
ಏನೂ ಅನ್ನಲಿಲ್ಲ. ನೀನು ಒರಗಿರದ ಇನ್ನೊಂದು ಹೆಗಲಿಗೆ
ಹಣೆ ಆನಿಸಿ ನಿಂತವಳು
ನಿಂತಲ್ಲೇ ನಿದ್ದೆಹೋದಳು.

ನಾನು ಅಲುಗಾಡಲಿಲ್ಲ.
ಅರ್ಧ ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ ಇತ್ತು.